ಮುಕ್ಕಳಿಸಿ ಉಗಿ

ಈ ಬೀದಿಯಲ್ಲಿ ಎಲ್ಲಿ ತಿನ್ನಬೇಕು ಎಂದು ಕೇಳುವುದಾದರೆ ನನ್ನನ್ನು ಕೇಳಿ. ಇಲ್ಲಿ ಮೂವತ್ತೆಂಟು ಹೋಟೆಲುಗಳಿವೆ. ನಾಲ್ಕರಲ್ಲಿ ನಾನು ತಟ್ಟೆ ತೊಳೆದಿದ್ದೇನೆ. ಬಾಯಿ ಚಪ್ಪರಿಸಿ ಹೊಗಳುವವರನ್ನು ನಂಬಬೇಡಿ, ಹಿಂದಕ್ಕೆ ಬರುವ ತಟ್ಟೆಯನ್ನು ನಂಬಿ. ಸಿನಿಮಾ ಮಂದಿರದ ಪಕ್ಕದ ಹೋಟೆಲಿನಲ್ಲಿ ಮಾಂಸ ಅರ್ಧಕ್ಕರ್ಧ ವಾಪಸ್ಸು ಬರುತ್ತದೆ, ಅಗಿದು ಉಗಿದದ್ದು. ಬಸ್ ನಿಲ್ದಾಣದ ಎದುರಿನವನ ಎಣ್ಣೆ ಮೂರು ಸಲ ಉಜ್ಜಿದರೂ ತಟ್ಟೆ ಬಿಡುವುದಿಲ್ಲ. ಅದು ನಿಮ್ಮ ಹೊಟ್ಟೆಯನ್ನು ಬಿಡುತ್ತದೆಯೋ ಇಲ್ಲವೋ ನೀವೇ ಯೋಚಿಸಿ. ಮೂಲೆಯ ದೊಡ್ಡ ಹೋಟೆಲಿನ ತಟ್ಟೆಗಳು ಮಾತ್ರ ನೆಕ್ಕಿದ ಹಾಗೆ ಬರುತ್ತವೆ. ಅಲ್ಲಿ ತಿನ್ನಿ. ಅಡುಗೆಯವನ ಕೈ ಒಳ್ಳೆಯದು. ನಾನು ಹದಿನಾರು ವರ್ಷ ಇದ್ದದ್ದು ಅಲ್ಲಿಯೇ.

ಎಲ್ಲಿ ಕುಡಿಯಬೇಕು ಎಂದು ಮಾತ್ರ ಕೇಳಬೇಡಿ. ಹದಿನಾರು ವರ್ಷ ಆ ಹೋಟೆಲಿನಲ್ಲಿ ನಾನು ಒಂದು ಲೋಟ ನೀರು ಕುಡಿದವಳಲ್ಲ.

ನೀರಿಗೆ ಬರವಿರಲಿಲ್ಲ. ನಾವು ನಿಲ್ಲುತ್ತಿದ್ದದ್ದೇ ನೀರಿನಲ್ಲಿ. ಪಾತ್ರೆ ತೊಳೆಯುವ ಕೋಣೆಯಲ್ಲಿ ಮೂರು ತೊಟ್ಟಿ, ಐದು ಹೆಂಗಸರು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಕೈ ಸೋಪಿನ ನೀರಿನಲ್ಲಿ, ಕಾಲು ಎಂಜಲು ನೀರಿನಲ್ಲಿ. ನನ್ನ ಬೆರಳಸಂದಿಗಳು ಕೊಳೆತು ಬೆಳ್ಳಗಾಗಿದ್ದವು. ಎರಡು ಉಗುರು ಉದುರಿ ಹೋಗಿದ್ದವು, ಮತ್ತೆ ಬರಲಿಲ್ಲ. ಇಷ್ಟು ನೀರಿನ ನಡುವೆ ನಾವು ಗಂಟಲು ಒಣಗಿಸಿಕೊಂಡು ನಿಂತಿರುತ್ತಿದ್ದೆವು. ಕುಡಿದರೆ ಹೋಗಬೇಕಾಗುತ್ತದೆ. ಹೋಗಲು ಜಾಗವಿರಲಿಲ್ಲ.

ಹೋಟೆಲಿನಲ್ಲಿ ಗಿರಾಕಿಗಳಿಗೆಂದು ಎರಡು ಕಕ್ಕಸು ಇದ್ದವು, ಗಂಡಸರಿಗೊಂದು, ಹೆಂಗಸರಿಗೊಂದು. ಬಿಳಿ ಕಲ್ಲು, ದೊಡ್ಡ ಕನ್ನಡಿ, ಹಿತವಾದ ವಾಸನೆ. ಹೆಂಗಸರದನ್ನು ತೊಳೆಯುತ್ತಿದ್ದವಳು ನಾನೇ. ಗಂಟೆಗೊಂದು ಸಲ ಹೋಗಿ ಉಜ್ಜಿ, ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಗುರುತು ಹಾಕಿ ಬರಬೇಕು. ಅಲ್ಲಿ ಕೂರುವಂತಿಲ್ಲ. ಒಮ್ಮೆ ಹೊಸಬಳೊಬ್ಬಳು ಕೂತು ಸಿಕ್ಕಿಬಿದ್ದಾಗ ಯಜಮಾನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದ್ದ: "ತೊಳೆಯೋದು ನಿಮ್ಮ ಕೆಲಸ. ಕೂರೋದು ಗಿರಾಕಿಗಳು. ನೀವು ಕೂತ ಜಾಗದಲ್ಲಿ ಅವರು ಕೂರಬೇಕಾ?" ಅವಳನ್ನು ಆವತ್ತೇ ಕಳಿಸಿದ. ನಾವು ತಲೆ ತಗ್ಗಿಸಿ ತೊಟ್ಟಿಗಳಿಗೆ ಮರಳಿದೆವು.

ನಮ್ಮ ಜಾಗ ಹಿಂದಿನ ಓಣಿಯಲ್ಲಿತ್ತು. ಕಟ್ಟಿ ಅರ್ಧಕ್ಕೆ ನಿಲ್ಲಿಸಿದ ಕಟ್ಟಡ, ಅದರ ಗೋಡೆಯ ಮರೆ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಒಂದು ಸಲ, ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಒಂದು ಸಲ. ಇಬ್ಬಿಬ್ಬರಾಗಿ ಹೋಗುತ್ತಿದ್ದೆವು. ಒಬ್ಬಳು ಕೂತರೆ ಇನ್ನೊಬ್ಬಳು ಗೋಣಿತಾಟು ಅಡ್ಡ ಹಿಡಿಯುವುದು. ಆ ಕಡೆ ಲಾರಿ ತೊಳೆಯುವ ಗಂಡಸರು ಶಿಳ್ಳೆ ಹೊಡೆದರೆ ಅರ್ಧಕ್ಕೇ ಎದ್ದುಬಿಡುವುದು.

ಹಾಗಾಗಿ ಹೊಸದಾಗಿ ಯಾರು ಸೇರಿದರೂ ನಾನು ಮೊದಲ ದಿನವೇ ಪಾಠ ಹೇಳುತ್ತಿದ್ದೆ. ಗಂಟಲು ಒಣಗಿದರೆ ನೀರು ಬಾಯಿಗೆ ಹಾಕು. ಮುಕ್ಕಳಿಸಿ ಉಗಿ. ನುಂಗಬೇಡ. ಅಂಗಿಯ ಗುಂಡಿಯೊಂದನ್ನು ತೊಳೆದು ನಾಲಿಗೆಯ ಕೆಳಗೆ ಇಟ್ಟುಕೋ, ಜೊಲ್ಲು ಬರುತ್ತಿರುತ್ತದೆ, ದಾಹ ಗೊತ್ತಾಗುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ. ಕೈ ಕೆಸರಾದ ನಮ್ಮ ಬಾಯಿಗೆ ಸಿಕ್ಕಿದ್ದು ಗುಂಡಿ. ಈ ಪಾಠ ಹೇಳುವಾಗ ನನಗೊಂದು ಜಂಬವೂ ಇರುತ್ತಿತ್ತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ನನ್ನ ನಾದಿನಿಗೂ ಅದೇ ಪಾಠ ಹೇಳಿದೆ. ನನ್ನ ಗಂಡನ ಒಬ್ಬಳೇ ತಂಗಿ. ಗಂಡ ಬಿಟ್ಟ ಮೇಲೆ ನಮ್ಮ ಒಂದೇ ಕೋಣೆಯ ಮನೆಗೆ ಬಂದು ಸೇರಿದವಳು. ನಮಗೆ ಕೆಲಸ ಹಂಚುವ ಮೇಸ್ತ್ರಿಯ ಕೈಕಾಲು ಹಿಡಿದು ನಾನೇ ಅವಳನ್ನು ಹೋಟೆಲಿಗೆ ಸೇರಿಸಿದೆ. ಮಾತಿನಮಲ್ಲಿ. ತೊಟ್ಟಿಯ ಮುಂದೆ ನಿಂತರೆ ತಟ್ಟೆಗಳ ಜೊತೆಗೂ ಹರಟೆ. "ನೋಡು ಅತ್ತಿಗೆ, ಈ ತಟ್ಟೆಯವನು ಹೆಂಡತಿ ಜೊತೆ ಜಗಳ ಆಡ್ಕೊಂಡು ಬಂದಿದ್ದಾನೆ, ಏನೂ ತಿಂದಿಲ್ಲ." ಅವಳು ಬಂದ ಮೇಲೆ ಆ ಕೋಣೆಯಲ್ಲಿ ನಗು ಕೇಳಿಸಿತು. ನನ್ನ ಪಾಠ ಕೇಳಿಯೂ ನಕ್ಕಳು. "ಒಂಟೆ ಮಾಡ್ತೀಯಾ ನನ್ನ?" ಅಂದಳು. ಆದರೆ ಕಲಿತಳು. ಎಲ್ಲರೂ ಕಲಿಯುತ್ತಾರೆ.

ವರ್ಷ ತುಂಬುವುದರೊಳಗೆ ಅವಳಿಗೆ ಉರಿ ಶುರುವಾಯಿತು. ನಮಗೆಲ್ಲ ಇದ್ದದ್ದೇ. ಹೋಗುವಾಗ ಕೆಂಡದ ಮೇಲೆ ಕೂತ ಹಾಗೆ, ಸೊಂಟದಲ್ಲಿ ನೋವು, ಸಂಜೆಗೆ ಚಳಿಜ್ವರ. ನಾವು ಬಾಯಿಬಿಡದೆ ನುಂಗಿಕೊಂಡವರು. ಅವಳು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ದಿನಕ್ಕೆ ಹನ್ನೆರಡು ಲೋಟ ನೀರು ಕುಡಿಯಲೇಬೇಕು ಎಂದರಂತೆ. ಮರುದಿನದಿಂದ ಅವಳು ಬಾಟಲಿ ತಂದಳು. ತೊಟ್ಟಿಯ ಅಂಚಿಗೆ ಇಟ್ಟುಕೊಂಡು ಎಲ್ಲರೆದುರು ಗಟಗಟ ಕುಡಿದಳು.

"ಎಲ್ಲಿಗೆ ಹೋಗ್ತೀಯಾ ಇಷ್ಟು ಕುಡಿದು?" ಎಂದು ನಾನು ಗದರಿದೆ.

"ಸಾಯೋದಕ್ಕಿಂತ ಗೋಡೆ ಹಿಂದೆ ಹೋಗೋದು ವಾಸಿ ಅತ್ತಿಗೆ."

ಅದೇ ವಾರ ಯಜಮಾನ ನನ್ನನ್ನು ಮುಂದೆ ಕರೆದ. ಮುಂದಿನ ತಿಂಗಳಿಂದ ನೀನು ಮುಂಭಾಗದಲ್ಲಿರು, ಕೈತೊಳೆಯುವಲ್ಲಿ ನಿಂತು ಗಿರಾಕಿಗಳಿಗೆ ಕೈ ಒರೆಸುವ ಕಾಗದ ಕೊಡು, ಹಿಂದಿನವರ ಮೇಲೆ ಒಂದು ಕಣ್ಣಿಡು ಎಂದ. ನೀಲಿ ಅಂಗಿ ಕೊಡುತ್ತಾರೆ. ಕೈ ಒಣಗಿರುತ್ತದೆ. ನೀವು ನಗಬಹುದು. ಹದಿನಾರು ವರ್ಷದ ಮೇಲೆ ಒಣಗಿದ ಕೈ ಎಂದರೆ ಏನೆಂದು ನನಗೆ ಗೊತ್ತು. ಆ ರಾತ್ರಿ ನಾನು ಕೈಗೆ ಎಣ್ಣೆ ಹಚ್ಚಿಕೊಂಡು ಮಲಗಿದೆ.

ಮೂರು ದಿನ ಕಳೆದು ವಿಡಿಯೋದವರು ಬಂದರು. ಒಬ್ಬ ಹುಡುಗಿ, ಒಬ್ಬ ಹುಡುಗ. ಬೀದಿಯಲ್ಲಿ ತಿನ್ನಲು ಕುಡಿಯಲು ಯಾವ ಜಾಗ ಚೆನ್ನಾಗಿದೆ ಎಂದು ತೋರಿಸುವವರು, ಲಕ್ಷ ಜನ ನೋಡುತ್ತಾರಂತೆ. ಯಜಮಾನ ಬೆಳಿಗ್ಗೆಯೇ ಹಿಂದಿನ ಬಾಗಿಲಿಗೆ ಬೀಗ ಹಾಕಿಸಿ ಅದಕ್ಕಡ್ಡ ತರಕಾರಿ ಬುಟ್ಟಿಗಳನ್ನು ಪೇರಿಸಿದ. ಓಣಿಯ ಕಸ ಕ್ಯಾಮೆರಾಕ್ಕೆ ಬೀಳಬಾರದು. ಅವರು ಹೋಗುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ ಎಂದ. ನಾದಿನಿ ಅಷ್ಟರಲ್ಲಿ ಆರು ಲೋಟ ಕುಡಿದಿದ್ದಳು.

ಹನ್ನೊಂದಕ್ಕೆ ಅವಳ ಮಾತು ನಿಂತಿತು. ಹನ್ನೆರಡಕ್ಕೆ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತಿದ್ದಳು. ಹಣೆಯಲ್ಲಿ ಬೆವರು. ನಾನು ಕಕ್ಕಸು ತೊಳೆಯಲು ಬಕೆಟ್ಟು ಎತ್ತಿಕೊಂಡಾಗ ಹತ್ತಿರ ಬಂದಳು.

"ಅತ್ತಿಗೆ, ನಾನೂ ಬರ್ತೀನಿ. ನೀನು ಬಾಗಿಲಲ್ಲಿ ನಿಂತ್ಕೋ. ಎರಡೇ ನಿಮಿಷ."

"ಹುಚ್ಚಾ ನಿಂಗೆ? ಹೊರಗೆ ಕ್ಯಾಮೆರಾ ಇದೆ."

"ಆಗ್ತಿಲ್ಲ ಅತ್ತಿಗೆ. ನಿನ್ನ ಕಾಲಿಗೆ ಬೀಳ್ತೀನಿ."

"ತಡ್ಕೋ. ನಾವೆಲ್ಲ ತಡ್ಕೊಂಡಿಲ್ವಾ?" ಎಂದೆ.

ಹೋಗಿ ತೊಳೆದೆ. ಒಳಗೆ ಯಾರೂ ಇರಲಿಲ್ಲ. ಬಾಗಿಲಿಗೆ ಒಳಗಿನಿಂದ ಅಗುಳಿ ಇತ್ತು. ಎರಡು ನಿಮಿಷ ಯಾರಿಗೂ ತಿಳಿಯುತ್ತಿರಲಿಲ್ಲ. ನೀಲಿ ಅಂಗಿ ನನ್ನ ಕಣ್ಣ ಮುಂದಿತ್ತು. ಉಜ್ಜಿ, ಒರೆಸಿ, ಹಾಳೆಗೆ ಗುರುತು ಹಾಕಿ ಬಂದೆ.

ನಾನು ಊಟದ ಹಾಲಿಗೆ ಬರುವಷ್ಟರಲ್ಲಿ ಮೇಸ್ತ್ರಿ ಅವಳನ್ನೂ ಅಲ್ಲಿಗೆ ಕಳಿಸಿದ್ದ. ಎಂಜಲು ತಟ್ಟೆಗಳ ಟಬ್ಬು ತುಂಬಿತ್ತು, ಎತ್ತುವವನು ಕ್ಯಾಮೆರಾದವರಿಗೆ ಕುರ್ಚಿ ಹಾಕುತ್ತಿದ್ದ. ಅವಳು ಟಬ್ಬನ್ನು ಹೊಟ್ಟೆಗೆ ಒತ್ತಿ ಎತ್ತಿದಳು. ನಾಲ್ಕು ಹೆಜ್ಜೆ ಇಟ್ಟಳು. ಹಾಲಿನ ನಟ್ಟನಡುವೆ ನಿಂತುಬಿಟ್ಟಳು. ಟಬ್ಬು ಕೆಳಗಿಡಲೂ ಇಲ್ಲ, ಮುಂದೆ ಹೋಗಲೂ ಇಲ್ಲ. ಮುಖ ಮೇಲೆತ್ತಿ ಫ್ಯಾನು ನೋಡುತ್ತಿದ್ದಳು. ಬಟ್ಟೆಯಿಂದ ಇಳಿದು, ಪಾದದ ಸುತ್ತ ಹರಡಿ, ಹೊಳೆಯುವ ನೆಲದ ಮೇಲೆ ಒಂದು ಮೇಜಿನ ಕಡೆಗೆ ಹರಿಯಿತು. ಆ ಮೇಜಿನ ಹೆಂಗಸು ಕಾಲು ಮೇಲೆತ್ತಿಕೊಂಡಳು.

ಯಜಮಾನ ಓಡಿಬಂದ. ಅವನಿಗೆ ಹಿಂದಿನವರ ಮುಖಗಳು ಗೊತ್ತಿಲ್ಲ, ನನ್ನದೊಂದನ್ನು ಬಿಟ್ಟು.

"ಯಾರಿವಳು? ಯಾರು ಸೇರಿಸಿದ್ದು? ನಿಮ್ಮ ಮನೆಯವಳಾ?" ಎಂದು ನನ್ನನ್ನೇ ಕೇಳಿದ.

ಅವಳು ನನ್ನ ಕಡೆ ನೋಡಿದಳು. ಇಷ್ಟು ಹೊತ್ತು ಫ್ಯಾನು ನೋಡುತ್ತಿದ್ದವಳು.

"ಅಲ್ಲ ಸಾರ್. ನಮ್ಮವಳಲ್ಲ. ಕೆಲಸ ಕೇಳ್ಕೊಂಡು ಬಂದಿದ್ಲು. ಮೊದಲಿಂದ್ಲೂ ಸ್ವಲ್ಪ ಹಾಗೇ," ಎಂದೆ. ಹಾಗೇ ಎಂದರೆ ಏನು ಎನ್ನುವಂತೆ ಅವನು ಹುಬ್ಬು ಏರಿಸಿದಾಗ ನಾನು ಬೆರಳಿನಿಂದ ನನ್ನ ತಲೆಯ ಪಕ್ಕ ತಟ್ಟಿ ತೋರಿಸಿದೆ.

ಯಾರೂ ನನ್ನ ಕುತ್ತಿಗೆಗೆ ಚಾಕು ಹಿಡಿದಿರಲಿಲ್ಲ. ಬೆರಳು ತಾನಾಗಿಯೇ ಹೋಯಿತು. ಇದನ್ನು ಬರೆಯುವಾಗಲೂ ಆ ಬೆರಳನ್ನು ಕಂಡರೆ ನನಗೆ ಹೇಸಿಗೆ.

ಅವಳು ಟಬ್ಬು ಇಳಿಸಿದಳು. ಮುಂಬಾಗಿಲಿನಿಂದಲೇ ಹೊರಗೆ ನಡೆದಳು, ಹಾಗೇ, ಒದ್ದೆ ಬಟ್ಟೆಯಲ್ಲಿ, ಮೂವತ್ತೆಂಟು ಹೋಟೆಲುಗಳ ಮುಂದೆ. ಕ್ಯಾಮೆರಾದ ಹುಡುಗಿ "ಪರವಾಗಿಲ್ಲ ಸಾರ್, ಇದನ್ನ ತೆಗೆದುಬಿಡ್ತೀವಿ" ಎಂದಳು. ನಾನು ಬಟ್ಟೆ ತಂದು ನೆಲ ಒರೆಸಿದೆ. ಮೂರು ಸಲ ಒರೆಸಿದೆ. ಯಜಮಾನ ಭುಜ ತಟ್ಟಿ ಹೋದ.

ಮನೆಯಲ್ಲಿ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನ್ನ ಗಂಡ ಮಾರುಕಟ್ಟೆಯಲ್ಲಿ ಮೂಟೆ ಹೊರುವವನು, ಸಂಜೆ ಬಂದು "ಏನಾಯ್ತೇ ಇವಳಿಗೆ?" ಎಂದು ಕೇಳಿದ. ಜ್ವರ ಎಂದೆ. ನೀರು ಕೊಟ್ಟರೆ ಕುಡಿಯಲಿಲ್ಲ. ಲೋಟವನ್ನು ತುಟಿಗೆ ಹಿಡಿದರೆ ಮುಕ್ಕಳಿಸಿ ಉಗಿದಳು. ನನ್ನ ಪಾಠವನ್ನು ನನಗೇ ಒಪ್ಪಿಸುತ್ತಿದ್ದಳು. ಮರುದಿನವೂ ಅಷ್ಟೇ. ಮೂರನೆಯ ದಿನ ಜ್ವರ ನಿಜವಾಗಿಯೇ ಬಂತು. ಮೈ ಕಾದ ಬಾಣಲೆ. ಅವಳ ಅಣ್ಣ ಅವಳನ್ನು ಮೂಟೆಯ ಹಾಗೆ ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ನಡೆದ.

ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು ಡಾಕ್ಟರಮ್ಮ. ಕೈಗೆ ಸೂಜಿ ಚುಚ್ಚಿ ನೀರು ಏರಿಸಿದರು. "ಇದೊಂದನ್ನೇ ನಂಬ್ಕೊಂಡ್ರೆ ಆಗಲ್ಲ. ಬಾಯಿಂದ ಕುಡೀಬೇಕು. ಕುಡೀದಿದ್ರೆ ಕಿಡ್ನಿ ಉಳಿಯಲ್ಲ, ಆಮೇಲೆ ನನ್ನ ಬಯ್ಯಬೇಡಿ. ಯಾಕಮ್ಮಾ ಕುಡಿಯಲ್ಲ?" ಎಂದು ರೇಗಿದರು. ನಾದಿನಿ ಗೋಡೆಯ ಕಡೆ ತಿರುಗಿದಳು. ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಅವರು ಹೋದ ಮೇಲೆ ಅವಳು ಮೊದಲ ಸಲ ಬಾಯಿಬಿಟ್ಟಳು. ತುಟಿ ಸೀಳಿತ್ತು.

"ಕುಡಿದ್ರೆ ಹೋಗ್ಬೇಕಾಗುತ್ತೆ."

"ಇಲ್ಲೇ ಇದೆಯಲ್ಲೇ, ಆ ಕೊನೇಲಿ. ನಾನು ಕರ್ಕೊಂಡು ಹೋಗ್ತೀನಿ."

"ನೀನಾ?" ಎಂದಳು. ಅಷ್ಟೇ. ಮತ್ತೆ ಗೋಡೆಯ ಕಡೆ ತಿರುಗಿದಳು. ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಕೆಲಸಕ್ಕೆ ಹೋಗುವುದನ್ನು ಮಾತ್ರ ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಸಂಭ್ರಮ. ವಿಡಿಯೋ ಬಂದಿತ್ತು. ಮೇಸ್ತ್ರಿ ಫೋನು ಹಿಡಿದು ಎಲ್ಲರಿಗೂ ತೋರಿಸುತ್ತಿದ್ದ. ಬೀದಿಯಲ್ಲಿ ನಮ್ಮ ಹೋಟೆಲೇ ಮೊದಲನೆಯದು. ಹುಡುಗಿ ಕಣ್ಣರಳಿಸಿ ಹೇಳುತ್ತಿದ್ದಳು: "ನೆಲ ನೋಡಿ, ಮುಖ ನೋಡ್ಕೋಬಹುದು! ಇನ್ನು ಇಲ್ಲಿನ ಟಾಯ್ಲೆಟ್ಟು, ಅಬ್ಬಾ, ನಮ್ಮನೇಲೂ ಇಷ್ಟು ಕ್ಲೀನಾಗಿಲ್ಲಪ್ಪ!"

ಒಳಗೆ ಹೋಗಿ ನಾಲಿಗೆಯ ಕೆಳಗಿನ ಗುಂಡಿಯನ್ನು ಚರಂಡಿಗೆ ಉಗಿದೆ. ಲೋಟ ತೆಗೆದುಕೊಂಡು ನಲ್ಲಿಗೆ ಹಿಡಿದೆ. ಕುಡಿದೆ. ಇನ್ನೊಂದು ಕುಡಿದೆ. ಉಪ್ಪು ತಿಂದವಳು ನಾನು, ನೀರು ಕುಡಿಯಲೇಬೇಕಿತ್ತು. ಮೂರನೆಯ ಲೋಟಕ್ಕೆ ಎಲ್ಲರೂ ತೊಳೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು.

"ಏನೇ ಇದು?" ಎಂದಳು ಉದ್ದಕ್ಕ. ಅವಳ ಎತ್ತರಕ್ಕೆ ನಾವಿಟ್ಟ ಹೆಸರು.

"ಇವತ್ತು ನಾನು ಮುಂದಿನ ಕಕ್ಕಸಿಗೆ ಹೋಗ್ತೀನಿ. ಮಧ್ಯಾಹ್ನ, ಊಟದ ಹಾಲಲ್ಲಿ ಜನ ತುಂಬಿರುವಾಗ. ಬರೋರು ಕುಡೀರಿ."

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಕೆಮ್ಮಿನಜ್ಜಿ. ಅವಳು ಕೆಮ್ಮುತ್ತ ಬಂದು ಲೋಟ ಕಿತ್ತುಕೊಂಡಳು. "ನನ್ನ ಮೂತ್ರಕೋಶ ಯಾವತ್ತೋ ಸತ್ತಿದೆ. ಆದ್ರೂ ನೋಡೋಣ," ಎಂದು ಕುಡಿದಳು. ಉದ್ದಕ್ಕ ಕುಡಿದಳು. ಇನ್ನೊಬ್ಬಳು ಮಾತ್ರ "ನನಗೆ ಮೂರು ಮಕ್ಕಳಿವೆ ಅಕ್ಕ" ಎಂದು ಅತ್ತಳು. ಅವಳನ್ನು ಬಯ್ಯಲು ನನಗೆ ಯಾವ ಬಾಯಿ ಇತ್ತು? ನೀನು ತೊಟ್ಟಿ ನೋಡಿಕೋ ಎಂದೆ.

ಕುಡಿದ ತಕ್ಷಣ ಬಂದುಬಿಡುವುದಿಲ್ಲ ಅದು. ಎರಡು ಗಂಟೆ ತಟ್ಟೆ ತೊಳೆಯುತ್ತ ಕಾದೆವು. "ಬಂತಾ?" "ಇನ್ನೂ ಇಲ್ಲ." "ನಿಂಗೆ?" ಬಸುರಿಯ ಹೆರಿಗೆ ಕಾದ ಹಾಗೆ. ಹೆದರಿಕೆಯ ನಡುವೆಯೂ ನಗು ಬರುತ್ತಿತ್ತು. ಮಾತಿನಮಲ್ಲಿ ಇದ್ದಿದ್ದರೆ ಏನೆನ್ನುತ್ತಿದ್ದಳೋ ಎಂದುಕೊಂಡೆ. ನಗು ಅಲ್ಲಿಗೆ ನಿಂತಿತು.

ಒಂದೂವರೆಗೆ ಮೂವರೂ ಹೊರಟೆವು. ಒದ್ದೆ ಅಂಗಿ, ಒದ್ದೆ ಕಾಲು. ಹಾಲಿನ ನೆಲದ ಮೇಲೆ ನಮ್ಮ ಹೆಜ್ಜೆಗಳು ಮೂಡುತ್ತಿದ್ದವು. ತಿನ್ನುವವರ ಕೈಗಳು ಬಾಯಿಯ ಹತ್ತಿರ ನಿಂತವು. ಕೆಮ್ಮಿನಜ್ಜಿ ಮೊದಲು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಯಜಮಾನ ಗಲ್ಲಾ ಬಿಟ್ಟು ಎದ್ದುಬಂದ.

"ಏನಿದು ಮೆರವಣಿಗೆ?"

"ಒಂದಕ್ಕೆ ಬಂದಿದ್ದೀವಿ ಸಾರ್," ಎಂದೆ. ಗಟ್ಟಿಯಾಗಿಯೇ.

"ಮೆಲ್ಲಗೆ ಮಾತಾಡು. ನಾಚಿಕೆ ಆಗಲ್ವಾ? ಜನ ಊಟ ಮಾಡ್ತಿದ್ದಾರೆ."

"ಆಗುತ್ತೆ ಸಾರ್. ನಾಚಿಕೆ ಆಗಿದ್ದಕ್ಕೇ ಬಂದಿದ್ದು." ನಾನು ಅವನನ್ನು ಬಿಟ್ಟು ಮೇಜುಗಳ ಕಡೆ ತಿರುಗಿದೆ. "ಕೇಳಿ. ನಿಮ್ಮ ತಟ್ಟೆ ತೊಳೆಯೋದು ನಾವು. ನೀವು ಹೋಗೋ ಕಕ್ಕಸು ತೊಳೆಯೋದು ನಾನು. ಅಲ್ಲಿ ನಾವು ಕೂರೋ ಹಾಗಿಲ್ಲ. ಅದಕ್ಕೆ ಹನ್ನೊಂದು ಗಂಟೆ ಹೊತ್ತು ನೀರು ಕುಡಿಯಲ್ಲ. ಮೊನ್ನೆ ಇಲ್ಲಿ, ಇದೇ ಜಾಗದಲ್ಲಿ, ಒಬ್ಬಳು ನಿಂತಲ್ಲೇ ಮಾಡ್ಕೊಂಡ್ಲು. ತಡೀಲಿಕ್ಕಾಗಲಿಲ್ಲ. ಅವಳಿಗೆ ತಲೆ ಕೆಟ್ಟಿರಲಿಲ್ಲ. ಅವಳು ನನ್ನ ನಾದಿನಿ. ನಾನು ಸುಳ್ಳು ಹೇಳಿದೆ."

ಒಬ್ಬ ತಟ್ಟೆ ದೂಡಿ ಎದ್ದ. ಒಬ್ಬಳು ಮಗುವಿನ ಕಿವಿ ಮುಚ್ಚಿದಳು. ಯಾರೊಬ್ಬರೂ ನಮ್ಮ ಪರವಾಗಿ ಒಂದು ಮಾತೆತ್ತಲಿಲ್ಲ. ನನ್ನ ಹಿಂದೆ ಸರದಿಗೆ ನಿಂತಿದ್ದ ಗಿರಾಕಿ ಹೆಂಗಸೊಬ್ಬಳು ಮಾತ್ರ ಹೋಗದೆ ನಿಂತಳು.

ನನ್ನ ಸರದಿ ಬಂತು. ಕೂತೆ. ಏನೂ ಆಗಲಿಲ್ಲ. ಹದಿನಾರು ವರ್ಷ ಬಿಗಿಹಿಡಿದ ಮೈ, ಬಾ ಎಂದರೆ ಬರುತ್ತದೆಯೇ? ಯಜಮಾನ ಬಾಗಿಲು ಗುದ್ದಿದ. "ಹೊರಗೆ ಬಾರೇ! ಬರ್ತೀಯೋ ಇಲ್ವೋ?"

"ಇನ್ನೂ ಆಗಿಲ್ಲ. ಕಾಯಿರಿ!" ಎಂದು ಕೂಗಿದೆ.

ಆಮೇಲೆ ಆಯಿತು. ಉರಿಯಿತು, ಆದರೆ ಆಯಿತು. ಬಿಳಿ ಗೋಡೆಗೆ ಹಣೆ ಒತ್ತಿ ಅತ್ತೆ. ಎದ್ದು ನೀರು ಹಾಕಿ, ಹೊರಗೆ ಬಂದು ಹಾಳೆಯಲ್ಲಿ ಗುರುತು ಹಾಕಿದೆ. ನನ್ನನ್ನೂ ಕೆಮ್ಮಿನಜ್ಜಿಯನ್ನೂ ಯಜಮಾನ ನಿಂತ ನಿಲುವಿನಲ್ಲೇ ಹೊರಗೆ ಹಾಕಿದ. ತಟ್ಟೆ ತೊಳೆಯಲು ಯಾರಾದರೂ ಬೇಕಲ್ಲ, ಉದ್ದಕ್ಕನನ್ನು ಉಳಿಸಿಕೊಂಡ. ಮರುದಿನದಿಂದ ಕಕ್ಕಸಿಗೆ ಬೀಗ ಬಿತ್ತಂತೆ, ಬೀಗದ ಕೈ ಗಲ್ಲಾದಲ್ಲಿ. ಆದರೆ ಹಿಂದಿನ ಕೋಣೆಯಲ್ಲಿ ಈಗ ಯಾರೂ ಗುಂಡಿ ಚೀಪುವುದಿಲ್ಲ ಎಂದು ಉದ್ದಕ್ಕ ಹೇಳುತ್ತಾಳೆ. ಕುಡಿಯುತ್ತಾರಂತೆ. ಕುಡಿದು, ಒಬ್ಬೊಬ್ಬರಾಗಿ ಹೋಗಿ ಗಲ್ಲಾದ ಮುಂದೆ ಕೈಯೊಡ್ಡಿ ನಿಲ್ಲುತ್ತಾರಂತೆ.

ಅಲ್ಲಿಂದ ನೇರ ಆಸ್ಪತ್ರೆಗೆ ಓಡಿದೆ. ನಾದಿನಿಯ ಮಂಚದ ಪಕ್ಕ ಕೂತು ಉಸಿರು ಬಿಡದೆ ಎಲ್ಲ ಹೇಳಿದೆ. ಒಳಗೊಳಗೇ ಒಂದು ಆಸೆ ಇತ್ತು: ಅವಳು ನಗುತ್ತಾಳೆ, ನನ್ನ ಕೈ ಹಿಡಿಯುತ್ತಾಳೆ. ಅವಳು ಛಾವಣಿ ನೋಡುತ್ತ ಕೇಳಿಸಿಕೊಂಡಳು. ಪಕ್ಕದಲ್ಲಿ ಕುಡಿಯುವ ನೀರಿನ ಬಾಟಲಿ ಹಾಗೇ ತುಂಬಿತ್ತು.

"ಅಷ್ಟು ಜನರ ಮುಂದೆ ಹೇಳಿದ್ಯಾ?"

"ಹೂಂ."

"ಅಣ್ಣನಿಗೆ ಹೇಳಿದ್ಯಾ?"

ಗೊತ್ತಿಲ್ಲದವರ ಮುಂದೆ ಕಿರುಚಿ ಬಂದವಳು ಅವನೊಬ್ಬನಿಗೆ ಹೇಳಿರಲಿಲ್ಲ. ಅವನಿಗೆ ಈಗಲೂ ಅದು ಜ್ವರವೇ. ನಾನು ಅವನ ತಂಗಿಯನ್ನು ತಾಯಿಯಂತೆ ನೋಡಿಕೊಳ್ಳುತ್ತಿದ್ದೇನೆ ಎಂದು ಬೆಳಿಗ್ಗೆ ತಾನೇ ಪಕ್ಕದ ಮಂಚದವರಿಗೆ ಹೇಳಿದ್ದ.

"ಹೇಳು," ಎಂದಳು.

ಸಂಜೆ ಅವನು ಬಂದ. ಬೆನ್ನ ಮೇಲೆ ಮೂಟೆಯ ಧೂಳು ಇನ್ನೂ ಇತ್ತು. ಚೀಲದಿಂದ ಎರಡು ಕಿತ್ತಳೆ ತೆಗೆದು ತಂಗಿಯ ದಿಂಬಿನ ಪಕ್ಕ ಇಟ್ಟ. ನಾನು ಎದ್ದು ನಿಂತು ಹೇಳಿದೆ. ಅವಳು ಬೇಡಿದ್ದು, ನಾನು ತಡ್ಕೋ ಎಂದದ್ದು, ನಮ್ಮವಳಲ್ಲ ಎಂದದ್ದು. ತಲೆ ತಟ್ಟಿ ತೋರಿಸಿದ್ದನ್ನೂ ಬಿಡಲಿಲ್ಲ. ಅವನು ಬಯ್ಯಲಿಲ್ಲ, ಕೈ ಎತ್ತಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಮಂಚದ ಅಂಚಿನಲ್ಲಿ ಕುಸಿದು ಕೂತು, ತನ್ನ ಅಂಗೈ ನೋಡಿಕೊಂಡ. ಆಮೇಲೆ ಲೋಟಕ್ಕೆ ನೀರು ಬಗ್ಗಿಸಿ ತಂಗಿಯ ತಲೆ ಎತ್ತಿಹಿಡಿದ.

ಅವಳು ಕುಡಿದಳು. ಒಂದೊಂದೇ ಗುಟುಕು, ನುಂಗಿ ನುಂಗಿ. ಅವನು ನನ್ನ ಕಡೆ ನೋಡಲಿಲ್ಲ. ಅವಳು ನೋಡಿದಳು. ಲೋಟ ಖಾಲಿಯಾಗುವವರೆಗೂ ನನ್ನ ಮುಖದಿಂದ ಕಣ್ಣು ತೆಗೆಯದೆ ಕುಡಿದಳು.